ಗ್ರಹಣ ಕಂಡವರು, ಕಾಣದವರು

ವಿದ್ಯೆ ಹಂಚಿದಷ್ಟೂ ಹೆಚ್ಚುವ ಧನವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಹಂಚುವುದು ಹೇಗೆ? ಜೋಳವನ್ನಾದರೆ ಸೇರಿನಿಂದ ಅಳೆದು ಕೊಡಬಹುದು. ಭೌತಶಾಸ್ತ್ರದಂತಹ ಕಠಿಣ ವಿದ್ಯೆಯನ್ನು ಅಕ್ಷರ ಬಾರದವರ ಉಡಿಗೆ ಹಾಕುವ ಬಗೆ ಯಾವುದು? ಬಿ.ಎ. ತರಗತಿಯಲ್ಲಿ ಇತಿಹಾಸ ಓದುವವನಿಗೆ ಈ ಚಿಂತೆ ಏಕೆಂದು ವಾಚಕರು ನಗಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಹೀಗಾಗಿ ಮನೆಯವರ ಪ್ರಶ್ನೆಗಳೆಲ್ಲ ನನ್ನ ಮುಂದೆಯೇ ಬಂದು ನಿಲ್ಲುತ್ತವೆ. ಅಂತಹದೊಂದು ಪ್ರಶ್ನೆಯೇ ಈ ಬರಹಕ್ಕೆ ಕಾರಣ.

1980ರ ಫೆಬ್ರುವರಿ 16ರ ಮಧ್ಯಾಹ್ನ ನಮ್ಮ ರಾಯಚೂರು ಸೀಮೆಯ ಮೇಲೆ ಪೂರ್ಣ ಸೂರ್ಯಗ್ರಹಣವೊಂದು ಹಾದುಹೋಯಿತು. ಅರಬ್ಬೀ ಸಮುದ್ರದ ಕಡೆಯಿಂದ ಬಂದ ಚಂದ್ರನ ನೆರಳು ಹುಬ್ಬಳ್ಳಿಯನ್ನು ದಾಟಿ, ರಾಯಚೂರನ್ನು ಮುಸುಕಿ, ಪುರಿಯ ಕಡಲತೀರದತ್ತ ಓಡಿತು. ಸೂರ್ಯನು ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡವನು. ಹೆಚ್ಚುಕಡಿಮೆ ಅಷ್ಟೇ ಪಟ್ಟು ದೂರದಲ್ಲಿಯೂ ಇದ್ದಾನೆ. ಆದುದರಿಂದಲೇ ಪುಟ್ಟ ಚಂದ್ರನು ಅವನನ್ನು ಪೂರ್ತಿ ಮರೆಮಾಡಬಲ್ಲನು. ಬೇರೆ ಹೊತ್ತಿನಲ್ಲಿ ಬಿಸಿಲಿನ ಪ್ರಖರತೆಯಲ್ಲಿ ಅಡಗಿರುವ ಕರೋನಾ ಎಂಬ ಪ್ರಭಾವಲಯವು ಆಗ ಕಣ್ಣಿಗೆ ಕಾಣುತ್ತದೆ. ಅದನ್ನು ಪರೀಕ್ಷಿಸಲೆಂದೇ ಬೆಂಗಳೂರಿನ ವಿಜ್ಞಾನಿಗಳು ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ಯಂತ್ರಗಳನ್ನು ಹೂಡಿ ಕಾದಿದ್ದರು. ಕತ್ತಲೆ ಇದ್ದದ್ದು ಎರಡು ನಿಮಿಷಕ್ಕೆ ತುಸು ಮಿಕ್ಕಿ ಮಾತ್ರ!

ಅದೇ ಹೊತ್ತಿನಲ್ಲಿ ಮಾನ್ವಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ನಮ್ಮ ಅಜ್ಜಿ ಏಳು ತಿಂಗಳ ಬಸುರಿ. ಹೊಟ್ಟೆಯಲ್ಲಿದ್ದವರು ನಮ್ಮ ತಂದೆ. ಬಾಗಿಲು ಹಾಕಿ, ಬೆಳಕಿಂಡಿಗೆ ಗೋಣಿಚೀಲ ತುರುಕಿ ಆಕೆಯನ್ನು ಒಳಗೆ ಕೂಡಿಸಿದ್ದರಂತೆ. ಕುಡುಗೋಲು ಮುಟ್ಟುವಂತಿಲ್ಲ, ಗುಟುಕು ನೀರು ಕುಡಿಯುವಂತಿಲ್ಲ. ಜವಳಗೇರಾದ ಸಂಗತಿಯನ್ನು ನಾನು ಹೇಳಿದಾಗ ಅಜ್ಜಿ ಕ್ಷಣಕಾಲ ಸುಮ್ಮನಿದ್ದು, "ಅಷ್ಟು ದೂರದಿಂದ ಅದನ್ನ ನೋಡಾಕಂತನ ಬಂದಿದ್ರೇನು? ಹಂಗಾರ ನಮಗ್ಯಾಕ ಯಾರೂ ಹೇಳಲಿಲ್ಲಪ್ಪ?" ಎಂದಳು.

ಬಂದ ವಿಜ್ಞಾನಿಗಳನ್ನು ದೂರುವುದು ನ್ಯಾಯವಲ್ಲ. ಎರಡು ನಿಮಿಷದ ಕತ್ತಲೆಯಲ್ಲಿ ಅವರು ಯಂತ್ರವನ್ನು ನೋಡಬೇಕೋ, ಊರೂರು ತಿರುಗಬೇಕೋ? ತಿಳಿಸಿ ಹೇಳುವ ಕೆಲಸ ಗ್ರಹಣದ ದಿನ ಆಗುವಂತಹದಲ್ಲ. ಅದಕ್ಕೆ ವರ್ಷಗಳ ಉಳುಮೆ ಬೇಕು. ಅಂತಹ ಉಳುಮೆ ಮಾಡಿದವರು ನಮ್ಮ ನಾಡಿನಲ್ಲಿ ಇಲ್ಲದಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಷ್ಟು ಹಿಂದೆಯೇ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಬಾಳಿದ್ದು ಎರಡೇ ವರ್ಷ. ಆದರೂ ಕನ್ನಡದಲ್ಲಿ ವಿಜ್ಞಾನ ಹೇಳಲು ಬಾರದೆಂಬ ಮಾತನ್ನು ಸುಳ್ಳು ಮಾಡಿತು. ಡಾ. ಎಚ್. ನರಸಿಂಹಯ್ಯನವರು ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ಬಂದು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿ, ವಾರವಾರವೂ ಸಾರ್ವಜನಿಕರಿಗೆ ಉಪನ್ಯಾಸಗಳನ್ನು ಏರ್ಪಡಿಸಿದರು. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದಾಗಲೂ ಅವರು ಜನರಿಂದ ದೂರ ಸರಿಯಲಿಲ್ಲ. ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಸಮಿತಿಯೊಂದನ್ನೇ ರಚಿಸಿದರು. ಪ್ರಶ್ನೆ ಕೇಳುವುದನ್ನು ಕಲಿಸುವುದೇ ಅವರ ಮುಖ್ಯ ಪಾಠವಾಗಿತ್ತು.

ಆದರೆ ಇವು ಬೆಂಗಳೂರಿನಲ್ಲಿ ಹೊತ್ತಿದ ದೀಪಗಳು. ರಾಯಚೂರಿಗೆ ಅಲ್ಲಿಂದ ಸುಮಾರು 400 ಕಿಲೋಮೀಟರು. ದೀಪದಿಂದ ದೀಪ ಹಚ್ಚಿಕೊಂಡು ಊರಿಂದೂರಿಗೆ ತರುವವರು ನಡುವೆ ಬೇಕು. ಅಂತಹವರೊಬ್ಬರನ್ನು ನಾನು ದೇವದುರ್ಗದಲ್ಲಿ ಕಂಡಿದ್ದೇನೆ. ಸೋದರಮಾವನ ಮನೆಯಲ್ಲಿದ್ದು ಒಂಬತ್ತನೆಯ ತರಗತಿ ಓದುತ್ತಿದ್ದೆ. 2019ರ ಡಿಸೆಂಬರ್ 26ರಂದು ಮಂಗಳೂರು, ಕಾಸರಗೋಡುಗಳ ಕಡೆ ಕಂಕಣ ಗ್ರಹಣ. ನಮ್ಮಲ್ಲಿ ಪಾರ್ಶ್ವ ಗ್ರಹಣ. ನಮ್ಮ ವಿಜ್ಞಾನದ ಮೇಷ್ಟ್ರು ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಬಿಸಿಲಿಗೆ ಹಿಡಿದು, ಕಚ್ಚಿದ ರೊಟ್ಟಿಯಂತಹ ಸೂರ್ಯನನ್ನು ಗೋಡೆಯ ಮೇಲೆ ಇಳಿಸಿದರು. ಬೇವಿನ ಗಿಡದ ಕೆಳಗೆ, ಎಲೆಗಳ ಸಂದಿನಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಕುಡುಗೋಲಿನಾಕಾರ ತಳೆದಿದ್ದವು. ಕಾಯಿಪಲ್ಯದ ಬುಟ್ಟಿ ಹೊತ್ತ ಹೆಂಗಸೊಬ್ಬಳು ನಿಂತು, "ಇದನ್ನ ನೋಡಿದ್ರ ಏನೂ ಆಗಂಗಿಲ್ಲೇನ್ರಿ?" ಎಂದು ಕೇಳಿದಳು. ಮೇಷ್ಟ್ರು ನಗಲಿಲ್ಲ. ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸಿದರೆ ಕಣ್ಣು ಕೆಡುವುದು ನಿಜವೆಂದೂ, ನೆಲದ ಮೇಲಿನ ಈ ಬೆಳಕಿಗೆ ಅಂಜಬೇಕಿಲ್ಲವೆಂದೂ ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಿದರು. ಅವಳು ಬುಟ್ಟಿ ಇಳಿಸಿ ನೋಡಿದಳು. ಆ ಇಡೀ ಪ್ರಯೋಗಕ್ಕೆ ತಗುಲಿದ ವೆಚ್ಚ ಒಂದು ರಟ್ಟಿನ ತುಂಡು!

ಮಿತ್ರರೆ, ಈಗ ನಮ್ಮ ಜಿಲ್ಲೆಗೂ ತನ್ನದೇ ಆದ ವಿಶ್ವವಿದ್ಯಾಲಯವಿದೆ. 2027ರ ಆಗಸ್ಟ್ 2ರ ಸಂಜೆ ನಮ್ಮ ಸೀಮೆಗೆ ಮತ್ತೊಂದು ಪಾರ್ಶ್ವ ಸೂರ್ಯಗ್ರಹಣ ಬರಲಿದೆ. ಅಂದು ಮೋಡ ಕವಿಯಲೂಬಹುದು. ಆದರೆ ಅದಕ್ಕೆ ಮೊದಲೇ ನಮ್ಮ ಪ್ರಾಧ್ಯಾಪಕರು ಹಳ್ಳಿಯ ಕಟ್ಟೆಗೆ ಬಂದು ಕುಳಿತು ಮಾತನಾಡಲು ಯಾವ ಮೋಡವೂ ಅಡ್ಡಿಯಲ್ಲ. ಅವರ ಮಾತನ್ನು ನಮ್ಮ ಮನೆಯ ಮಾತಿಗೆ ತಿರುಗಿಸಲು ಭೌತಶಾಸ್ತ್ರದ ಪದವಿ ಬೇಕಿಲ್ಲ. ಎರಡೂ ಮಾತು ಬಲ್ಲ ನಮ್ಮಂತಹವರೇ ಸಾಕು. ತಿಳಿದವರು ಹಳ್ಳಿಯ ಕಡೆಗೆ ನಾಲ್ಕು ಹೆಜ್ಜೆ ಬರಲಿ. ಮುಚ್ಚಿದ ಬಾಗಿಲುಗಳನ್ನು ತಟ್ಟಿ ಜನರನ್ನು ಅಂಗಳಕ್ಕೆ ಕರೆಯುವ ಹೊಣೆ ನಮ್ಮದಾಗಲಿ.