ದೀಪದ ಸಾಕ್ಷ್ಯ

ಮನೆಯಲ್ಲಿ ಯಾವುದಾದರೊಂದು ವಸ್ತುವು ಕೆಟ್ಟರೆ, ಕೆಟ್ಟ ಭಾಗವನ್ನು ಹುಡುಕುವುದಕ್ಕೆ ಮೊದಲು ಕೆಡಿಸಿದವನನ್ನು ಹುಡುಕುವುದು ಲೋಕರೂಢಿ. ಪಂಡಿತ ಪಾಮರರೆಂಬ ಭೇದವು ಇದರಲ್ಲಿ ಕಾಣದು. ಗಣೇಶೋತ್ಸವದ ವಾದ್ಯಗೋಷ್ಠಿಗಳಲ್ಲಿ ವಿದ್ಯುತ್ ಗಿಟಾರನ್ನು ನುಡಿಸುವ ತರುಣನೊಬ್ಬನ ಮನೆಯಲ್ಲಿ ನಡೆದುದೂ ಇದೇ.

ಆತನ ಬಳಿ ಧ್ವನಿವರ್ಧಕಗಳು ಎರಡು. ಒಂದರಲ್ಲಿ ತಿಳಿಯಾದ ನಾದ, ಇನ್ನೊಂದರಲ್ಲಿ ಗರ್ಜನೆ. ಗಿಟಾರಿನ ತಂತಿಯು ಕಂಪಿಸಿದಾಗ ಅಯಸ್ಕಾಂತವನ್ನು ಸುತ್ತಿರುವ ಸುರುಳಿಯಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟುವುದಷ್ಟೆ. ಅದನ್ನು ಈ ಎರಡರಲ್ಲಿ ಒಂದಕ್ಕಾಗಲಿ ಎರಡಕ್ಕೂ ಆಗಲಿ ಹಂಚಿಕೊಡಲು ಕಾಲಿನಿಂದ ಒತ್ತುವ ಎರಡು ಸ್ವಿಚ್ಚುಗಳ ಪೆಟ್ಟಿಗೆಯೊಂದುಂಟು. ಹೊಸ್ತಿಲ ದೀಪವು ಒಳಗನ್ನೂ ಹೊರಗನ್ನೂ ಬೆಳಗುವುದೆಂಬ ದೇಹಲೀದೀಪ ನ್ಯಾಯಕ್ಕೆ ಇದು ಒಳ್ಳೆಯ ಉದಾಹರಣೆ. ಪ್ರತಿಯೊಂದು ಸ್ವಿಚ್ಚಿನ ಬಳಿಯೂ ಒಂದು ಪುಟ್ಟ ಕೆಂಪು ದೀಪವಿರುವುದು.

ಹಬ್ಬಕ್ಕೆ ನಾಲ್ಕು ದಿನವಿದ್ದಾಗ ಎರಡನೆಯ ಸ್ವಿಚ್ಚನ್ನು ಒತ್ತಿದರೆ ದೀಪ ಹತ್ತಿತು, ನಾದ ಬರಲಿಲ್ಲ. ಮತ್ತೆರಡು ಸಲ ಒತ್ತಿದಾಗ ಕರಕರನೆ ಬಂದು ಅಡಗಿತು. "ದೀಪ ಉರಿಯುತ್ತಿರುವಾಗ ಪೆಟ್ಟಿಗೆ ಸರಿಯಾಗಿಯೇ ಇದೆ. ಕೇಬಲ್ಲನ್ನು ತಿರುಚಿ ಸುತ್ತಿ ಕೆಡಿಸಿದವನು ನೀನೇ" ಎಂದು ತರುಣನು ತಮ್ಮನ ಮೇಲೆ ಹರಿಹಾಯ್ದನು. ಸಾಮಾನುಗಳನ್ನು ಅಕ್ಕರೆಯಿಂದ ಹೊತ್ತು ತರುತ್ತಿದ್ದ ಹುಡುಗನು ಮರುಮಾತಾಡದೆ ಒಳಗೆ ಹೋದನು. ಮರುದಿನ ಅಭ್ಯಾಸದ ಕೋಣೆಯ ಕಡೆಗೆ ಸುಳಿಯಲಿಲ್ಲ.

ಹೊಸ ಕೇಬಲ್ಲನ್ನು ತಂದರೂ ರೋಗವು ಹೋಗಲಿಲ್ಲ. ಆಗ ತರುಣನು ನೆರೆಮನೆಯ ವೃದ್ಧರೊಬ್ಬರಲ್ಲಿಗೆ ಪೆಟ್ಟಿಗೆಯನ್ನು ಒಯ್ದನು. ಹಿಂದೆ ರೇಡಿಯೋ ರಿಪೇರಿಯಿಂದಲೇ ಸಂಸಾರ ನಡೆಸಿದವರು ಅವರು. ಎಲ್ಲವನ್ನೂ ಕೇಳಿ, "ದೀಪ ಉರಿಯುತ್ತದೆ ಎಂದೆಯಲ್ಲಪ್ಪ, ದೀಪಕ್ಕೆ ನಿನ್ನ ಗಿಟಾರು ಕೇಳಿಸುತ್ತದೆಯೆ?" ಎಂದರು.

ಮೊದಲು ಅವರು ಪೆಟ್ಟಿಗೆಯನ್ನು ಬದಿಗಿಟ್ಟು, ಹುಡುಗನು ಸುತ್ತಿದ್ದ ಹಳೆಯ ಕೇಬಲ್ಲುಗಳನ್ನೇ ಒಂದೊಂದಾಗಿ ಗಿಟಾರಿನಿಂದ ಎರಡನೆಯ ಧ್ವನಿವರ್ಧಕಕ್ಕೆ ನೇರವಾಗಿ ಸಿಕ್ಕಿಸಿದರು. ಪ್ರತಿಯೊಂದರಲ್ಲಿಯೂ ನಾದವು ತುಂಬಿ ಬಂದಿತು. ಗಿಟಾರು, ಕೇಬಲ್ಲು, ಧ್ವನಿವರ್ಧಕ ಮೂರೂ ನಿರ್ದೋಷಿಗಳಾದವು. ತರುಣನ ಮುಖವು ಅಲ್ಲಿಯೇ ಬಾಡಿತು.

ಅನಂತರ ಪೆಟ್ಟಿಗೆಯನ್ನು ಬಿಚ್ಚಿದರು. ಸ್ವಿಚ್ಚಿನ ಅಡಿಯಲ್ಲಿ ಮೂರು ಸಾಲುಗಳಾಗಿ ಒಂಬತ್ತು ಕಾಲುಗಳು. ಒಂದು ಸಾಲು ನಾದವನ್ನು ಸಾಗಿಸುವುದು. ಇನ್ನೊಂದು 9 ವೋಲ್ಟಿನ ಬ್ಯಾಟರಿಯಿಂದ ದೀಪವನ್ನು ಹೊತ್ತಿಸುವುದು. ಒಂದೇ ಗುಂಡಿಯಿಂದ ಚಲಿಸಿದರೂ ಇವೆರಡಕ್ಕೂ ಒಳಗೆ ಸಂಬಂಧವಿಲ್ಲ. ಹೀಗಿರಲು ದೀಪವು ತನ್ನ ಸಾಲಿಗೆ ಮಾತ್ರ ಸಾಕ್ಷಿ. ವೃದ್ಧರು ಹಳೆಯ ಬೆಸುಗೆಗಳನ್ನು ಮತ್ತೆ ಕಾಯಿಸಿ ಕೂಡಿಸಿದರು, ಗುಣವಾಗಲಿಲ್ಲ. ಆಗ ಸ್ವಿಚ್ಚನ್ನು ಒತ್ತಿಟ್ಟು, ನಾದವು ಒಳಹೋಗುವ ಕಾಲಿಗೂ ಹೊರಬರುವ ಕಾಲಿಗೂ ತುಂಡು ತಂತಿಯೊಂದನ್ನು ತಾಗಿಸಿದರು. ನಾದ ಬಂದಿತು, ತೆಗೆದರು, ನಿಂತಿತು, ತಾಗಿಸಿದರು, ಬಂದಿತು. ಶಾಸ್ತ್ರದಲ್ಲಿ ಅನ್ವಯವ್ಯತಿರೇಕವೆಂಬುದು ಇದೇ. ದೋಷವಿದ್ದುದು ಸ್ವಿಚ್ಚಿನ ಹೊಟ್ಟೆಯೊಳಗೆ, ನಾದದ ಸಾಲಿನ ಲೋಹಗಳು ಕೂಡುವೆಡೆಯಲ್ಲಿ. ಕಿಲುಬಿನಿಂದಲೋ ಧೂಳಿನಿಂದಲೋ, ಬೆಸೆಯುವಾಗ ಅತಿಯಾಗಿ ಕಾಯಿಸಿದುದರಿಂದಲೋ ಹೀಗಾಗುವುದುಂಟು.

ಯಾವ ತಂತಿ ಯಾವ ಕಾಲಿಗೆಂದು ಚಿತ್ರ ಬರೆದುಕೊಂಡು, ಹಳೆಯದನ್ನು ಕಿತ್ತು, ಕಾಲುಗಳ ದಿಕ್ಕು ತಪ್ಪದಂತೆ ಹೊಸ ಸ್ವಿಚ್ಚನ್ನು ಕೂರಿಸಿ ಬೇಗಬೇಗನೆ ಬೆಸೆದರು. ಎರಡು ಧ್ವನಿವರ್ಧಕಗಳೂ ಒಟ್ಟಿಗೆ ನುಡಿದಾಗ ಗುಂಯೆಂಬ ಸದ್ದೊಂದು ಕೇಳಿಸಿತು. "ಹೊಸ ಸ್ವಿಚ್ಚೂ ಕೆಟ್ಟಿತೆ?" ಎಂದನು ತರುಣ. "ಮತ್ತೆ ಅವಸರದ ತೀರ್ಪು! ಎರಡಕ್ಕೂ ಭೂಸಂಪರ್ಕವಿದೆ, ಕೇಬಲ್ಲಿನಿಂದಲೂ ಕೂಡಿವೆ. ಹೀಗೆ ಉಂಟಾದ ಬಳಸಿನಿಂದ ಬರುವ ಸದ್ದು ಅದು. ನಡುವೆ ಸಣ್ಣ ಟ್ರಾನ್ಸ್‌ಫಾರ್ಮರೊಂದನ್ನು ಹಾಕಿದರೆ ಹೋಗುತ್ತದೆ. ಸದ್ದಡಗಲೆಂದು ಭೂಸಂಪರ್ಕವನ್ನು ಮಾತ್ರ ಕಿತ್ತೀಯೆ, ಪ್ರಾಣಕ್ಕೆ ಅಪಾಯ" ಎಂದರು ವೃದ್ಧರು.

ಪೆಟ್ಟಿಗೆ ಸರಿಯಾಯಿತು. ಹುಡುಗನ ಮನಸ್ಸಿಗೆ ಬೆಸುಗೆ ಹಾಕುವ ಕೆಲಸವು ಉಳಿದಿತ್ತು. ಆ ಸಂಜೆ ತರುಣನು ಒಳಗೆ ಹೋಗಿ, "ತಪ್ಪು ನಿನ್ನದಲ್ಲ, ಕೇಬಲ್ಲಿನದೂ ಅಲ್ಲ. ಬಾ, ನೀನೇ ಒತ್ತಿ ನೋಡು" ಎಂದು ಕರೆದನು. ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಂದು, ಸ್ವಿಚ್ಚಿನ ಮೇಲೆ ಕಾಲಿಟ್ಟನು.

"ಅಣ್ಣ, ದೀಪ ಹತ್ತಿತು."

"ದೀಪ ಹಾಗಿರಲಿ. ನಾದ ಬಂದಿತೋ ಕೇಳಿ ಹೇಳು" ಎಂದು ಅಣ್ಣನು ತಂತಿಯನ್ನು ಮೀಟಿದನು.