ಡ್ರಮ್ಮಿಗೊಂದು ಮುಚ್ಚಳ

ಮಂಗಳೂರಿನಲ್ಲಿ ನೀರಿಲ್ಲ ಎಂದರೆ ಘಟ್ಟದ ಮೇಲಿನ ನೆಂಟರು ನಗುತ್ತಾರೆ. ನಗಲಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ಊರು. ಪಡುವಣಕ್ಕೆ ಕಡಲು, ಒಂದು ಬದಿಗೆ ನೇತ್ರಾವತಿ, ಇನ್ನೊಂದು ಬದಿಗೆ ಫಲ್ಗುಣಿ. ಆದರೂ ಮೇ ತಿಂಗಳಲ್ಲಿ ಇಲ್ಲಿ ಇಬ್ಬರು ಎದುರಾದರೆ ಕುಶಲ ಕೇಳುವ ಮೊದಲೇ "ತುಂಬೆಯಲ್ಲಿ ಎಷ್ಟುಂಟು ಮಾರಾಯ್ರೇ?" ಎನ್ನುತ್ತಾರೆ. ಬಂಟ್ವಾಳ ತಾಲ್ಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಕಿಂಡಿ ಅಣೆಕಟ್ಟಿನಿಂದಲೇ ನಮ್ಮ ನಳ್ಳಿಗೆ ನೀರು. ಅಲ್ಲಿ ಆರು ಮೀಟರ್ ಇದ್ದರೆ ಊರಿಗೆಲ್ಲ ನಿದ್ದೆ. ಇಳಿಯತೊಡಗಿದರೆ ಪತ್ರಿಕೆಗಳಿಗೆ ದಿನವೂ ಸುದ್ದಿ. ಮಳೆಯೇನೋ ಧಾರಾಳ, ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಸುರಿದು ಮುಗಿಯುತ್ತದೆ. ನಮ್ಮ ಮುರಕಲ್ಲಿನ ಗುಡ್ಡಗಳಿಗೆ ಕುಡಿಯಲು ಗೊತ್ತು, ಹಿಡಿದಿಡಲು ಗೊತ್ತಿಲ್ಲ. 2016, 2019, 2023ರ ಬೇಸಿಗೆಗಳನ್ನು ಊರಿನವರು ಮದುವೆ-ಮುಂಜಿಯ ವರ್ಷಗಳ ಹಾಗೆ ನೆನಪಿಟ್ಟುಕೊಂಡಿದ್ದಾರೆ. 2019ರ ಮೇ ತಿಂಗಳಲ್ಲಿ ನಳ್ಳಿಗೆ ಸರದಿಯಲ್ಲಿ ನೀರು ಬಿಟ್ಟರು. ಆಗಸ್ಟಿನಲ್ಲಿ ಅದೇ ನೇತ್ರಾವತಿ ಉಕ್ಕಿ ಬಂಟ್ವಾಳದ ಪೇಟೆಗೆ ನುಗ್ಗಿತು.

ನನ್ನ ಅಜ್ಜಿಗೆ ಆಪತ್ಕಾಲವೆಂದರೆ ಮಳೆಗಾಲ. 1974ರ ಬೊಳ್ಳವನ್ನು, ಅಂದರೆ ನೆರೆಯನ್ನು, ಕಣ್ಣಾರೆ ಕಂಡವರು; 1923ರದ್ದನ್ನು ತಮ್ಮ ಹಿರಿಯರಿಂದ ಕೇಳಿದವರು. ಹೊಳೆ ಏರಿದರೆ, ಗಾಳಿಗೆ ತೆಂಗು ಬಿದ್ದರೆ, ವಾರಗಟ್ಟಲೆ ಬಿಸಿಲು ಬಾರದಿದ್ದರೆ ಮನೆ ನಡೆಯಬೇಕಲ್ಲ? ಹಾಗಾಗಿ ಮೇ ತಿಂಗಳಿಡೀ ತಯಾರಿ. ಕೊಟ್ಟಿಗೆಯಲ್ಲಿ ಕಟ್ಟಿಗೆ, ಅಟ್ಟದಲ್ಲಿ ಹಲಸಿನ ಹಪ್ಪಳ ಮತ್ತು ಬೇಯಿಸಿ ಒಣಗಿಸಿದ ಹಲಸಿನ ಬೀಜ, ಭರಣಿಯಲ್ಲಿ ಉಪ್ಪು ನೀರಿಗೆ ಹಾಕಿದ ಸೊಳೆ. ಇವೆಲ್ಲಕ್ಕಿಂತ ನನ್ನ ಕಣ್ಣು ಇದ್ದದ್ದು ಒಂದು ತಗಡಿನ ಡಬ್ಬಿಯ ಮೇಲೆ. ಅದು ಮೊದಲು ಬಿಸ್ಕೆಟಿನದು. ಮುಚ್ಚಳದಲ್ಲಿ ಅರ್ಧ ಅಳಿಸಿಹೋದ ಒಬ್ಬ ರಾಣಿಯ ಚಿತ್ರ. ತೆರೆದರೆ ಬಿಸ್ಕೆಟಿಲ್ಲ. ಓಮ, ಕರಿಮೆಣಸು, ಒಣಶುಂಠಿ, ಬಟ್ಟೆಯ ಚೂರಿನಲ್ಲಿ ಸುತ್ತಿದ ಬಜೆ, ಬಾಳೆಯ ನಾರಿನಲ್ಲಿ ಕಟ್ಟಿದ ಕಿರಾತಕಡ್ಡಿ, ಕಪ್ಪಗೆ ಒಣಗಿದ ಪುನರ್ಪುಳಿ ಸಿಪ್ಪೆ. ಎಲ್ಲದರ ವಾಸನೆ ಸೇರಿ ಒಂದೇ ವಾಸನೆ ಆಗಿತ್ತು. ಇದಲ್ಲದೆ ಹಿತ್ತಿಲಿನಲ್ಲಿ ಕೆಮ್ಮಿಗೆ ಸಾಂಬ್ರಾಣಿ ಸೊಪ್ಪು, ಬಚ್ಚಲ ನೀರು ಹರಿಯುವಲ್ಲಿ ತಿಮರೆ.

ಈ ಪಟ್ಟಿಯಲ್ಲಿ ನೀರು ಇರಲೇ ಇಲ್ಲ. ನೀರನ್ನು ಯಾರಾದರೂ ತುಂಬಿಸಿಡುತ್ತಾರೆಯೇ? ಅದು ಬಾವಿಯಲ್ಲಿತ್ತು. ಏಪ್ರಿಲ್ ಕೊನೆಗೆ ಹಗ್ಗಕ್ಕೆ ಇನ್ನೊಂದು ತುಂಡು ಗಂಟು ಹಾಕಬೇಕಾಗುತ್ತಿತ್ತು, ಅಷ್ಟೇ.

ಆಮೇಲೆ ನಾವೂ ಎಲ್ಲರಂತೆ ಜಾಗವನ್ನು ಬಿಲ್ಡರಿಗೆ ಕೊಟ್ಟು ಫ್ಲ್ಯಾಟಿನವರಾದೆವು. ಬಾವಿಯ ಮೇಲೆ ಸ್ಲ್ಯಾಬ್ ಬಿತ್ತು. ಸ್ಲ್ಯಾಬಿನ ಮೇಲೆ ಈಗ ಮೂರನೇ ಮಾಳಿಗೆಯವರ ಕಾರು. ನೀರು ಬರುವುದು ತುಂಬೆಯಿಂದ, ತುಂಬೆ ಕೈಕೊಟ್ಟರೆ ಟ್ಯಾಂಕರಿನಿಂದ. ಹಾಗೆ ಆಪತ್ಕಾಲ ಜುಲೈಯಿಂದ ಮೇ ತಿಂಗಳಿಗೆ ವರ್ಗವಾಯಿತು, ಅಜ್ಜಿಯ ಡಬ್ಬಿಯ ಜಾಗಕ್ಕೆ ಬಾಲ್ಕನಿಯಲ್ಲಿ ನೀಲಿ ಡ್ರಮ್ ಬಂದು ಕೂತಿತು. ನಾಳೆ ನೀರಿಲ್ಲ ಎಂದು ಸುದ್ದಿ ಬಂದರೆ ಸಾಕು, ಅಮ್ಮ ಡ್ರಮ್, ಬಾಲ್ದಿ, ಕೊಡಪಾನ ಎಲ್ಲ ಮುಗಿಸಿ ಕೊನೆಗೆ ಕುಕ್ಕರಿಗೂ ನೀರು ತುಂಬಿಸುತ್ತಾರೆ. ಅನ್ನ ಮಾಡುವುದು ಯಾವುದರಲ್ಲಿ ಎಂದು ಕೇಳಿದರೆ ಬೈಗಳು.

ತುಂಬಿಸಿಡುವುದು ತಪ್ಪಲ್ಲ. ಮುಚ್ಚದೆ ಇಡುವುದು ತಪ್ಪು. ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಗೆ ಚರಂಡಿಯ ಕೊಳಕು ನೀರು ಹಿಡಿಸುವುದಿಲ್ಲ, ನಾವು ಕುಡಿಯಲೆಂದು ಹಿಡಿದಿಟ್ಟಂಥ ತಿಳಿ ನೀರೇ ಬೇಕು. ಮೊಟ್ಟೆ ರೆಕ್ಕೆ ಕಟ್ಟಿಕೊಂಡು ಹಾರಲು ವಾರ-ಹತ್ತು ದಿನ ಸಾಕು. 1990ರ ದಶಕದಿಂದ ಮಂಗಳೂರಿನಲ್ಲಿ ಕಟ್ಟಡಗಳು ಏಳುತ್ತ ಹೋದ ಹಾಗೆ, ತಾರಸಿಯ ಟ್ಯಾಂಕು, ಕಾಂಕ್ರೀಟು ಗಟ್ಟಿಯಾಗಲೆಂದು ಕಟ್ಟಿ ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ಡ್ರಮ್ಮುಗಳ ಜೊತೆಗೆ ಮಲೇರಿಯಾವೂ ಬೆಳೆಯಿತು. ರಾಜ್ಯದಲ್ಲಿ ಮಲೇರಿಯಾ ಎಂದರೆ ಮಂಗಳೂರು ಎನ್ನುವ ಕಾಲವೂ ಬಂತು. ಈಚಿನ ವರ್ಷಗಳಲ್ಲಿ ತುಂಬ ಇಳಿದಿದೆ, ಪುಣ್ಯ.

ನಮ್ಮ ಮಾವನಿಗೆ ಬಂದದ್ದು ಆ ಕಾಲದಲ್ಲೇ. ಸಂಜೆ ಹಲ್ಲು ಕಟಕಟ ಎನ್ನುವಷ್ಟು ಚಳಿ, ರಾತ್ರಿ ಬೆಂಕಿಯಂಥ ಜ್ವರ. ಅಜ್ಜಿಯ ಡಬ್ಬಿ ತೆರೆಯಿತು, ಕಿರಾತಕಡ್ಡಿ ಕುದಿಯಿತು. ಮರುದಿನ ಮಾವ ಎದ್ದು ಗಂಜಿ ಉಂಡು ಪೇಪರು ಓದಿದರು. "ನೋಡಿದಿರಾ?" ಎಂದರು ಅಜ್ಜಿ. ಅದರ ಮರುದಿನ ಸಂಜೆ ಮತ್ತೆ ಚಳಿ, ಮತ್ತೆ ಕಷಾಯ, ಮತ್ತೆ ಮರುದಿನ ಆರಾಮ. ಇಲ್ಲಿ ಹೆಚ್ಚಾಗಿ ಕಾಣುವ ವೈವ್ಯಾಕ್ಸ್ ಮಲೇರಿಯಾದ ಗುಣವೇ ಹೀಗೆ: ಜ್ವರ ದಿನ ಬಿಟ್ಟು ದಿನ ಬರುತ್ತದೆ. ನಡುವಿನ ದಿನದ ಕೀರ್ತಿ ಮನೆಯಲ್ಲಿ ಆ ಹೊತ್ತಿಗೆ ಏನು ಕುದಿಸಿದ್ದರೋ ಅದಕ್ಕೆ. ಕೊನೆಗೆ ರಕ್ತ ಪರೀಕ್ಷೆಯಾಗಿ ಕ್ಲೋರೋಕ್ವಿನ್ ನುಂಗಿ, ಪಿತ್ತಜನಕಾಂಗದಲ್ಲಿ ಅಡಗಿ ಕೂತ ರೋಗಾಣು ತಿಂಗಳುಗಳ ಮೇಲೆ ಮತ್ತೆ ಏಳದಂತೆ ಹದಿನಾಲ್ಕು ದಿನ ಪ್ರೈಮಾಕ್ವಿನ್ ನುಂಗಿದ ಮೇಲೆಯೇ ಮಾವ ಪಾರಾದದ್ದು. ಕಷಾಯವನ್ನೂ ಬಿಡಲಿಲ್ಲ ಅನ್ನಿ. ಮನೆಯ ಔಷಧಿಯ ಮೇಲೆ ನಮ್ಮವರಿಗೆ ಅಂಥ ಪ್ರೀತಿ. ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಿ ಕೊಡಲು ತೊಡಗಿದ ಕಡೆ ಈಗ ಅವರ ಹೆಸರಿನ ದೊಡ್ಡ ಆಸ್ಪತ್ರೆಯೇ ನಿಂತಿದೆ. ಆದರೆ ಅಲ್ಲಿಗೆ ಹೋಗುವ ಮೊದಲು ಒಂದು ಲೋಟ ಕೊತ್ತಂಬರಿ-ಜೀರಿಗೆ ಕಷಾಯ ಕುಡಿದೇ ಹೋಗುವ ಜನ ನಾವು.

ನಾನು ಕಷಾಯದ ವೈರಿಯಲ್ಲ. ಆಟಿ ಅಮಾವಾಸ್ಯೆಗೆ ತಪ್ಪದೆ ಹಾಲೆಮರದ ಕಷಾಯ ಕುಡಿಯುತ್ತೇನೆ. ಬೆಳಕು ಹರಿಯುವ ಮೊದಲು ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತಂದ ತೊಗಟೆ. ಅದರ ರಸಕ್ಕೆ ಕರಿಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ, ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಚುಂಯ್ ಎನ್ನಿಸಿ ಕೊಟ್ಟರೆ ಆ ಕಹಿ ಕಿವಿಯವರೆಗೂ ಏರುತ್ತದೆ. ಹಿಂದಿನಿಂದ ಮೆಂತೆ ಗಂಜಿ ಸಿಗುತ್ತದೆಂಬ ಆಸೆಗೆ ಕುಡಿಯುವವರೇ ಹೆಚ್ಚು. ಆದರೆ ಆ ಕತ್ತಲಲ್ಲಿ ಹಾಲೆಯೆಂದು ಕಾಸರ್ಕನ ತೊಗಟೆ ಕೆತ್ತಿ ತಂದರೆ ಮುಗಿಯಿತು. ಅದರಲ್ಲಿರುವುದು ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷ. ಹೀಗೆ ಆಸ್ಪತ್ರೆ ಸೇರಿದವರಿದ್ದಾರೆ, ಜೀವ ಕಳೆದುಕೊಂಡವರೂ ಇದ್ದಾರೆ. ಹಾಲೆಗೆ ಒಂದೇ ಕಡೆ ಸುತ್ತಲೂ ಆರೇಳು ಎಲೆ, ಗೀರಿದರೆ ಬಿಳಿ ಹಾಲು. ಕಾಸರ್ಕಕ್ಕೆ ಎದುರುಬದುರು ಎಲೆ, ಹಾಲಿಲ್ಲ. ತಿಳಿದವರು ಹಿಂದಿನ ಹಗಲೇ ಹೋಗಿ ಮರ ಗುರುತು ಮಾಡಿ ಬರುತ್ತಾರೆ. ಅಜ್ಜಿಗಂತೂ ಪೇಟೆಯ ತೊಗಟೆಯಲ್ಲಿ ನಂಬಿಕೆಯೇ ಇರಲಿಲ್ಲ. ತಾವು ಎಲೆ ನೋಡದ ಮರದ್ದನ್ನು ಮನೆಯೊಳಗೆ ಬಿಡುತ್ತಿರಲಿಲ್ಲ.

ಹಾಗಾಗಿ ಈ ಬೇಸಿಗೆಗೆ ಡ್ರಮ್ ಕೊಳ್ಳುವವರಲ್ಲಿ ಒಂದು ವಿನಂತಿ: ಬಣ್ಣ, ಬೆಲೆ ನೋಡುವ ಮೊದಲು ಮುಚ್ಚಳ ಬಿಗಿಯಾಗಿ ಕೂರುತ್ತದೆಯೇ ನೋಡಿ. ಮುಚ್ಚಳ ಕಳೆದುಹೋಗಿದ್ದರೆ ಹಳೆಯ ಮುಂಡೊಂದನ್ನು ಎರಡು ಮಡಿಕೆ ಮಾಡಿ ಬಾಯಿಗೆ ಕಟ್ಟಿ. ವಾರಕ್ಕೊಮ್ಮೆ ಬರಿದು ಮಾಡಿ ಒಳಗೋಡೆಯನ್ನು ಉಜ್ಜಿ ತೊಳೆಯಿರಿ. ಸೊಳ್ಳೆಯ ಮೊಟ್ಟೆ ಅಂಟಿರುವುದುಂಟು. ಇಷ್ಟಾಗಿಯೂ ಚಳಿಜ್ವರ ಬಂದರೆ ಕಷಾಯ ಒಲೆಯ ಮೇಲೆ ಕುದಿಯುತ್ತಿರಲಿ, ನೀವು ಅಷ್ಟರಲ್ಲಿ ಹತ್ತಿರದ ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಕೊಟ್ಟು ಬನ್ನಿ. ಮಲೇರಿಯಾ ಪರೀಕ್ಷೆಗೆ ಅಲ್ಲಿ ದುಡ್ಡಿಲ್ಲ.