ಎರಡನೇ ಡಬ್ಬಿ ಕೊಳ್ಳುವವರು

ಬಾವ ತೀರಿಕೊಂಡ ಆರು ತಿಂಗಳಿಗೆ ನಮ್ಮಕ್ಕ ಒಂದು ನೇರ ಮಾರಾಟ ಕಂಪನಿಯ ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್ ಮಾರುವ ಕೆಲಸ ಹಿಡಿದಳು. ಇಬ್ಬರು ಮಕ್ಕಳ ಫೀಸು, ಸಂಘದ ಸಾಲದ ಕಂತು ಎರಡೂ ಅವಳ ತಲೆ ಮೇಲಿದ್ದವು.

ಮೊದಲ ತಿಂಗಳು ವ್ಯಾಪಾರ ಜೋರು. ನೆಂಟರು, ಓಣಿಯವರು ಎಲ್ಲರೂ ಕೊಂಡರು. ಎರಡನೇ ತಿಂಗಳು ಅರ್ಧಕ್ಕಿಳಿಯಿತು.

"ಮೊದಲ್ನೇ ಡಬ್ಬಿ ನನ್ನ ದುಃಖ ನೋಡಿ ತಗೊಂಡ್ರು ತಮ್ಮಾ. ಎರಡ್ನೇದು ಮಾಲು ನೋಡಿ ತಗೋಬೇಕು" ಅಂದಳು.

ಅಂದಿನಿಂದ ಒಂದು ನೋಟ್‌ಬುಕ್ಕು ಇಟ್ಟಳು. ಯಾರ ಮನೆಯಲ್ಲಿ ಎಷ್ಟು ಜನ, ಡಬ್ಬಿ ಯಾವಾಗ ಖಾಲಿಯಾಗುತ್ತದೆ, ಎಲ್ಲ ಅದರಲ್ಲಿದೆ. ಎರಡು ದಿನ ಮುಂಚೆ ಫೋನ್ ಮಾಡುತ್ತಾಳೆ. ಉದ್ರಿ ಇಲ್ಲ. ಆರ್ಡರ್ ಬಂದಷ್ಟೇ ಮಾಲು ತರಿಸುತ್ತಾಳೆ.

ನಡುವೆ ಒಬ್ಬರು ಬಂದು, "ಮಾರೋದು ಬಿಡಿ, ಹತ್ತು ಜನರನ್ನ ಸೇರಿಸಿ, ಕೂತಲ್ಲೇ ಕಮಿಷನ್" ಎಂದರು. ಅಕ್ಕ ನನ್ನನ್ನು ಕೇಳಿದಳು. ಕೇಂದ್ರ ಸರ್ಕಾರದ 2021ರ ನೇರ ಮಾರಾಟ ನಿಯಮಗಳನ್ನು ಓದಿ ಹೇಳಿದೆ: ಜನರನ್ನು ಸೇರಿಸಿ ದುಡ್ಡು ಮಾಡುವ ಪಿರಮಿಡ್ ಯೋಜನೆಗೆ ನಿಷೇಧವಿದೆ. ಮಾರುವವರು ಗುರುತಿನ ಚೀಟಿ ಇಲ್ಲದೆ, ಮೊದಲೇ ಒಪ್ಪಿಗೆ ಪಡೆಯದೆ ಯಾರ ಮನೆಗೂ ಹೋಗುವಂತಿಲ್ಲ. ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಅಕ್ಕ ಯಾರನ್ನೂ ಸೇರಿಸಲಿಲ್ಲ. ಗಳಿಕೆ ದೊಡ್ಡದಲ್ಲ, ಆದರೆ ಕಂತು ತಪ್ಪಿಲ್ಲ.

ನಿಮ್ಮನ್ನೂ ಯಾರಾದರೂ "ಸೇರಿ" ಅಂದರೆ ಒಂದೇ ಪ್ರಶ್ನೆ ಕೇಳಿ: ಚೈನಿಗೆ ಸೇರದವರು ಈ ಮಾಲನ್ನು ಎರಡನೇ ಸಲವೂ ದುಡ್ಡು ಕೊಟ್ಟು ಕೊಳ್ಳುತ್ತಾರಾ?